ಗರಸಿನ ಹೊಲದ ಕರೆಂಟು

ನಮ್ಮ ಹೊಲದಲ್ಲಿ ಈಗ ಬೆಳೆಯುವುದು ಕರೆಂಟು. ಕಡಲೆಕಾಯಿ ಬಿತ್ತುತ್ತಿದ್ದ ನೆಲದ ತುಂಬ ಸೋಲಾರ್ ಪ್ಲೇಟು ನಿಲ್ಲಿಸಿದ್ದಾರೆ. ಪಾವಗಡದಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಬಸ್ಸಿನ ಯಾವ ಕಡೆ ಕೂತರೂ ಅದೇ ಕಾಣುತ್ತದೆ, ನೀಲಿ ಪ್ಲೇಟುಗಳ ಸಾಲು, ಅದರ ಸುತ್ತ ತಂತಿ ಬೇಲಿ. ಹೊಲವನ್ನು ನಾವು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದೇವೆ. ವರ್ಷ ವರ್ಷ ಬಾಡಿಗೆ ಸರಿಯಾಗಿ ಬರುತ್ತದೆ. ಹಾಗಾಗಿ ಇದು ಯಾರೋ ನಮಗೆ ಮೋಸ ಮಾಡಿದ ಕತೆಯಲ್ಲ. ಅಂಥದ್ದನ್ನು ಕೇಳಲು ಬಂದವರು ಇಲ್ಲಿಂದಲೇ ಎದ್ದು ಹೋಗಬಹುದು. ಇದು ನಮ್ಮಪ್ಪ ತನ್ನ ಅಣ್ಣನಿಗೆ ಹೇಳಬೇಕಾಗಿದ್ದ ಒಂದು ಮಾತಿನ ವಿಷಯ.

ನಾನು ಕೆಲಸ ಮಾಡುವುದು ಆ ಪ್ಲೇಟುಗಳ ಲೆಕ್ಕ ನೋಡಿಕೊಳ್ಳುವ ಒಂದು ಸಣ್ಣ ಆಫೀಸಿನಲ್ಲಿ. ಪಾವಗಡ ಬಸ್ ಸ್ಟ್ಯಾಂಡಿನ ಹಿಂದೆ ಗೊಬ್ಬರದ ಅಂಗಡಿಯ ಮಹಡಿ ಮೇಲೆ ಎರಡು ಕೋಣೆ. ಕಿಟಕಿ ತೆಗೆದರೆ ಕೋಟೆ ಬೆಟ್ಟ ಕಾಣುತ್ತದೆ, ಜೊತೆಗೆ ಯೂರಿಯಾ ವಾಸನೆಯೂ ಒಳಗೆ ಬರುತ್ತದೆ. ಮಧುಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು ನಾನು. ಊರು ಬಿಟ್ಟು ಎಲ್ಲಿಗೂ ಹೋಗಲಾರೆ ಅಂತ ಹಟ ಹಿಡಿದಿದ್ದೆ. ಪುಣ್ಯಕ್ಕೆ ಕೆಲಸವೇ ಊರು ಹುಡುಕಿಕೊಂಡು ಬಂತು.

ಕೆಲಸ ಏನೆಂದು ನಮ್ಮಮ್ಮನಿಗೆ ಹೇಳುವ ಹಾಗೆಯೇ ಇಲ್ಲೂ ಹೇಳುತ್ತೇನೆ. ಹೊಲಗಳನ್ನು ಬ್ಲಾಕುಗಳಾಗಿ ಮಾಡಿ, ಒಂದೊಂದು ಬ್ಲಾಕಿಗೆ ಒಂದು ಇನ್ವರ್ಟರ್ ಇಟ್ಟಿದ್ದಾರೆ. ಬಿಸಿಲಿನಿಂದ ಹುಟ್ಟಿದ ಕರೆಂಟು ಆ ಪೆಟ್ಟಿಗೆಗೆ ಬಂದು ಸೇರಿ, ಅಲ್ಲಿಂದ ಲೈನಿಗೆ ಹೋಗುತ್ತದೆ. ಇವತ್ತು ಎಷ್ಟು ಯೂನಿಟ್ ಆಯಿತು ಅನ್ನುವ ಲೆಕ್ಕವನ್ನು ಪ್ರತಿ ಇನ್ವರ್ಟರೂ ದೂರದ ಒಂದು ಸರ್ವರಿಗೆ ಕಳಿಸುತ್ತಿರುತ್ತದೆ. ಆ ಸರ್ವರ್ ಎಲ್ಲಿದೆಯೋ ನಾನಂತೂ ಕಂಡಿಲ್ಲ. ಇಂಟರ್ನೆಟ್ಟಿನಲ್ಲಿ ಸರಿಯಾಗಿ ಕೇಳಿದರೆ ವರದಿ ಕೊಡುತ್ತದೆ, ತಪ್ಪಾಗಿ ಕೇಳಿದರೆ ಬೈಯುತ್ತದೆ. ಮೊದಲು ಅದನ್ನೆಲ್ಲ ವೆಬ್‌ಸೈಟಿನಲ್ಲಿ ನೋಡಬೇಕಿತ್ತು. ಪಾಸ್‌ವರ್ಡ್ ಕೊಟ್ಟು, ಓಟಿಪಿ ಕೊಟ್ಟು, ಪುಟ ತೆರೆದುಕೊಳ್ಳುವಷ್ಟರಲ್ಲಿ ನಮ್ಮ ಊರಿನ ನೆಟ್ಟು ಕೈಕಾಲು ಚಾಚಿ ಮಲಗಿಬಿಡುತ್ತಿತ್ತು. ಮ್ಯಾನೇಜರಿಗೆ ರೇಗಿಹೋಯಿತು. ಕಂಪ್ಯೂಟರ್ ಆನ್ ಮಾಡಿದ ತಕ್ಷಣ ವರದಿ ಎದುರಿಗೆ ಬಂದು ಕೂತಿರಬೇಕು, ಏನಾದರೂ ಮಾಡು ಅಂದರು.

ಹಾಗೆ ಆ ಪ್ರೋಗ್ರಾಂ ಬರೆದೆ. ಕಂಪ್ಯೂಟರಿನಲ್ಲೇ ಇರುವಂಥದ್ದು, ಬ್ರೌಸರ್ ಬೇಡ. ಎಡಗಡೆ ಬ್ಲಾಕುಗಳ ಪಟ್ಟಿ. ಯಾವುದರ ಮೇಲೆ ಒತ್ತುತ್ತೀವೋ ಅದರ ವರದಿಯನ್ನು ಸರ್ವರಿನಿಂದ ತರಿಸಿ ಬಲಗಡೆ ತೋರಿಸುತ್ತದೆ. ಹೇಳೋಕೆ ಇಷ್ಟೇ, ಮಾಡೋಕೆ ತಿಂಗಳು ಹಿಡಿಯಿತು. ಸರ್ವರ್ ಕಳಿಸುವ ಕಾಲಮ್ಮಿನ ಹೆಸರಿಗೂ ನಾನು ವರದಿಯಲ್ಲಿ ಇಟ್ಟ ಹೆಸರಿಗೂ ತಾಳೆಯಾಗದಿದ್ದರೆ, ತಪ್ಪಾಗಿದೆ ಅಂತಲೂ ಹೇಳುವುದಿಲ್ಲ, ಸುಮ್ಮನೆ ಒಂದು ಬಿಳಿ ಹಾಳೆ ತೋರಿಸಿ ಕೂರುತ್ತದೆ. ಲೆಕ್ಕವೆಲ್ಲ ಬಂದಿರುತ್ತದೆ, ಕಾಣುವುದಿಲ್ಲ. ಒಳಗೆ ಎಲ್ಲ ಇಟ್ಟುಕೊಂಡು ಬಾಯಿ ಬಿಡದೆ ಬಿಳಿ ಮುಖ ಮಾಡಿಕೊಂಡು ಕೂರುವ ವಿದ್ಯೆ ನಮ್ಮ ಮನೆಯ ಗಂಡಸರಿಗೂ ಚೆನ್ನಾಗಿ ಬರುತ್ತಿತ್ತಾದ್ದರಿಂದ ನನಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ.

ಅಪ್ಪನ ಪಾಡು ಬೇರೆ ಇತ್ತು. ಎತ್ತು ಮಾರಿದ ಮೇಲೆ ಅವನಿಗೆ ಕೈಗೆ ಕೆಲಸವಿರಲಿಲ್ಲ. ಕುಂಟೆ, ಕೂರಿಗೆ, ನೇಗಿಲು ಎಲ್ಲ ಅಟ್ಟ ಸೇರಿದ್ದವು. ಆದರೂ ಕೋಳಿ ಕೂಗುವ ಹೊತ್ತಿಗೆ ಎದ್ದು ಬೇಲಿಯ ತನಕ ಹೋಗಿ, ಸ್ವಲ್ಪ ಹೊತ್ತು ತಂತಿ ಹಿಡಿದು ನಿಂತು, ಬಿಸಿಲೇರಿದ ಮೇಲೆ ವಾಪಸು ಬರುತ್ತಿದ್ದ. "ಏನ್ ನೋಡ್ಕಂಡ್ ಬಂದೆ, ಕಳೆ ಬೆಳ್ದೈತಾ?" ಅಂತ ಅಮ್ಮ ಚುಚ್ಚುತ್ತಿದ್ದಳು. "ಬೆಳ್ದೈತೆ. ಅವ್ರು ಕೀಳ್ಸಾಕಿಲ್ಲ" ಅಂತ ಅಪ್ಪ ಗಂಭೀರವಾಗಿಯೇ ಹೇಳುತ್ತಿದ್ದ.

ಒಂದು ಸಂಜೆ ನಾನು ಸ್ಕೂಟರ್ ನಿಲ್ಲಿಸುತ್ತಿದ್ದಂತೆ ಜಗಲಿ ಮೇಲಿಂದಲೇ ಕೇಳಿದ.

"ಅಮ್ಮಣ್ಣಿ, ನಮ್ಮ ಹೊಲದಾಗೆ ದಿನಕ್ಕೆ ಎಷ್ಟಾಯ್ತದೆ?"

"ಏನು ಎಷ್ಟು?"

"ಅದೇ ಕಣಮ್ಮ, ಕರೆಂಟು. ನಿಮ್ಮ ಕಂಪ್ಯೂಟರ್ನಾಗೆ ಬರಾಕಿಲ್ವಾ?"

ನನಗೆ ಅದು ಹೊಳೆದೇ ಇರಲಿಲ್ಲ. ದಿನವಿಡೀ ಬ್ಲಾಕ್ ನಂಬರು ನೋಡುತ್ತಿದ್ದವಳಿಗೆ ಅದರಲ್ಲಿ ಒಂದು ನಂಬರಿನ ಕೆಳಗೆ ನಮ್ಮ ಹೊಲವಿದೆ ಅನ್ನುವುದು ತಲೆಗೇ ಬಂದಿರಲಿಲ್ಲ. ರೈತ ಕೇಳಿದ್ದು ನ್ಯಾಯವಾಗಿಯೇ ಇತ್ತು. ತನ್ನ ನೆಲ ಏನು ಕೊಡುತ್ತಿದೆ ಅಂತ ತಿಳಿಯದೆ ಅವನಿಗೆ ಊಟ ಸೇರುವುದು ಹೇಗೆ? ಮುಂದಿನ ಸಂತೆಯ ದಿನ ಬಾ, ತೋರಿಸ್ತೀನಿ ಅಂದೆ.

ಅವತ್ತು ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದಿದ್ದ. ಕುರ್ಚಿಯ ತುದಿಯಲ್ಲಿ ಕೂತ. ಆಫೀಸಿನಲ್ಲಿದ್ದ ಸರ್ವೆ ನಕ್ಷೆಯನ್ನೂ ಬ್ಲಾಕ್ ನಕ್ಷೆಯನ್ನೂ ಪಕ್ಕ ಪಕ್ಕ ಇಟ್ಟು ನಮ್ಮ ಹೊಲ ಹುಡುಕತೊಡಗಿದೆವು. "ಬಾವಿ ಎಲ್ಲೈತೆ?" ಅಂದ. ಮುಚ್ಚಿದ್ದಾರಲ್ಲ ಅಪ್ಪ ಅಂದೆ. "ಹೊಂಗೆ ಮರ?" ಅದೂ ಇಲ್ಲ. "ಬದು?" ಬದುವೂ ಇರಲಿಲ್ಲ, ನೆಲವನ್ನೆಲ್ಲ ಸಮ ಮಾಡಿದ್ದರು. ಆದರೆ ಬದು ಇದ್ದ ಜಾಗ ನಕ್ಷೆಯಲ್ಲಿ ಸಿಕ್ಕಿತು. ಬ್ಲಾಕಿನ ಇನ್ವರ್ಟರ್ ಕೋಣೆ ಸರಿಯಾಗಿ ಅದರ ಮೇಲೇ ಕೂತಿತ್ತು. ಅರ್ಧ ಪ್ಲೇಟುಗಳು ಬದುವಿನ ಈಚೆ, ಇನ್ನರ್ಧ ಆಚೆ. ಎಲ್ಲದರ ಕರೆಂಟೂ ಆ ಒಂದು ಕೋಣೆಗೇ ಹೋಗುತ್ತಿತ್ತು.

ಬ್ಲಾಕಿನ ಮೇಲೆ ಒತ್ತಿದೆ. ಪರದೆ ತುಸು ಹೊತ್ತು ಬೆಳ್ಳಗೆ ನಿಂತು, ಆಮೇಲೆ ಸಾಲು ಸಾಲಾಗಿ ವರದಿ ಬಂತು. ಮೊದಲ ಸಾಲು ಓದಲು ಬಾಯಿ ತೆಗೆದೆ. ಅಪ್ಪ ಕೈ ಎತ್ತಿ ತಡೆದ.

"ಒಂದು ಅನ್ಬೇಡ. ಲಾಭ ಅನ್ನು."

ಕಣದಲ್ಲಿ ರಾಶಿ ಅಳೆಯುವಾಗ ನಮ್ಮ ಕಡೆ ಮೊದಲ ಅಳತೆಯನ್ನು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಎಣಿಕೆ ಶುರುವಾಗುವುದು ಆಮೇಲೆ ಎರಡರಿಂದ. ಮ್ಯಾನೇಜರ್ ಒಳಗಿದ್ದರು, ನನಗೆ ನಾಚಿಕೆಯಾಯಿತು. ಆದರೂ ಲಾಭ ಅಂತಲೇ ಓದಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೊನೆಯ ಸಾಲಿನ ತನಕ ಕೇಳಿದ. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಗೆಲುವು ಕಾಣಿಸಿತು. ಆಮೇಲೆ ಕಣ್ಣು ಬಿಟ್ಟು, "ಇದ್ರಾಗೆ ನಮ್ದೆಷ್ಟು, ಅವನ್ದೆಷ್ಟು?" ಅಂದ.

ಅವನು ಅಂದರೆ ನಮ್ಮ ದೊಡ್ಡಪ್ಪ. ಬದುವಿನ ಆಚೆಯ ಹೊಲ ದೊಡ್ಡಪ್ಪನದು. ನಾನು ಪ್ರೈಮರಿ ಸ್ಕೂಲಿಗೆ ಹೋಗುತ್ತಿದ್ದ ಕಾಲದಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ.

ಜಗಳವಾಡಿ ಬಿಟ್ಟ ಮಾತಲ್ಲ ಅದು. ಜಗಳವಾಗಿದ್ದರೆ ಎಂದೋ ಸರಿಹೋಗುತ್ತಿತ್ತು. ಪಾಲು ಮಾಡುವಾಗ ಹಿರಿಯ ಪಾಲು ಹಾಕಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು ಅನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಪಾಲು ಹಾಕುವವನು ಮೋಸ ಮಾಡದಿರಲಿ ಅಂತ ಹಿಂದಿನವರು ಮಾಡಿದ್ದು. ದೊಡ್ಡಪ್ಪ ಹೊಲವನ್ನು ನಡುವೆ ಬದು ಹಾಕಿ ಎರಡು ಮಾಡಿದ. ಅಳತೆ ಸಮವೇ. ಆದರೆ ಮಣ್ಣು ಸಮ ಇರಲಿಲ್ಲ. ಕೆಳಗಿನದು ಕೆಂಪು ಮಣ್ಣು, ಎರಡು ಹದ ಮಳೆ ಬಿದ್ದರೆ ಕಡಲೆಕಾಯಿ ಬಳ್ಳಿ ತುಂಬ ಕಾಯಿ. ಮೇಲಿನದು ಗರಸು, ಗುದ್ದಲಿ ಹಾಕಿದರೆ ಕಿಡಿ ಬರುವಂಥ ಕಲ್ಲುಪುಡಿ ನೆಲ. ತಾತ ಬೇಗ ತೀರಿಹೋದ ಮೇಲೆ ಅಪ್ಪನನ್ನು ಸಾಕಿ, ಮದುವೆ ಮಾಡಿ, ಮನೆ ಕಟ್ಟಿಕೊಟ್ಟವನು ದೊಡ್ಡಪ್ಪ. ತಮ್ಮ ತಾನಾಗಿಯೇ ಗರಸನ್ನು ಇಟ್ಟುಕೊಂಡು ಕೆಂಪು ಮಣ್ಣನ್ನು ಅಣ್ಣನಿಗೆ ಬಿಡುತ್ತಾನೆ, ಇಲ್ಲವೇ ಎರಡರಲ್ಲೂ ಅರ್ಧರ್ಧ ಮಾಡೋಣ ಅನ್ನುತ್ತಾನೆ ಅಂತ ಅವನು ನಂಬಿದ್ದ ಅಂತ ಕಾಣುತ್ತದೆ. ಅಪ್ಪ ಪಂಚರ ಮುಂದೆ ಎದ್ದು ನಿಂತು, "ನಂಗೆ ಕೆಳಗಿಂದು" ಅಂದ. ಪದ್ಧತಿ ಪ್ರಕಾರ ಸರಿಯೇ. ದೊಡ್ಡಪ್ಪ ಆಗಲಿ ಅಂತ ತಲೆಯಾಡಿಸಿ ಎದ್ದು ಹೋದ. ಆಮೇಲೆ ಮಾತಾಡಲಿಲ್ಲ.

ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಹಾಸ್ಟೆಲಿಗೆ ಹೋಗುವಾಗ ಪಾವಗಡದಲ್ಲಿ ಮಧುಗಿರಿ ಬಸ್ಸು ಹತ್ತಿ ಕೂತಿದ್ದರೆ, ಎಲ್ಲಿಂದಲೋ ಬಂದು ಕಿಟಕಿಯೊಳಗೆ ಒಂದು ಖಾರಾಬೂಂದಿ ಪೊಟ್ಟಣ ಇಟ್ಟು, ಏನೂ ಹೇಳದೆ ಹೊರಟುಹೋಗುತ್ತಿದ್ದ. ಅಪ್ಪನ ಹತ್ತಿರ ಇದನ್ನು ಹೇಳಿದರೆ, "ತಿಂದ್ಯಾ?" ಅಂತ ಮಾತ್ರ ಕೇಳುತ್ತಿದ್ದ. ಹೊಲ ಗುತ್ತಿಗೆಗೆ ಕೊಡುವಾಗ ಇಬ್ಬರೂ ಒಂದೇ ದಿನ, ಒಂದೇ ಮೇಜಿನ ಮುಂದೆ ಸಹಿ ಹಾಕಿದರು. ಒಬ್ಬ ಹಾಕುವಾಗ ಇನ್ನೊಬ್ಬ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡುತ್ತಿದ್ದ. ಆಮೇಲೆ ದೊಡ್ಡಪ್ಪ ವೈ.ಎನ್.ಹೊಸಕೋಟೆಗೆ ಹೋಗಿ, ಅಲ್ಲೇ ಒಂದು ಹಿಟ್ಟಿನ ಗಿರಣಿ ಹಾಕಿಕೊಂಡ.

ಹೀಗಾಗಿ ಅಪ್ಪ ನಮ್ಮದೆಷ್ಟು ಅವನದೆಷ್ಟು ಅಂತ ಕೇಳಿದಾಗ ಅದು ಬರೀ ಲೆಕ್ಕದ ಮಾತಾಗಿರಲಿಲ್ಲ. ಇಬ್ಬರದೂ ಸೇರಿ ಒಂದೇ ಮೊತ್ತ ಬರೋದು, ಬಿಡಿಸೋಕಾಗಲ್ಲ ಅಂದೆ. "ಅದೆಂಗಾಯ್ತದೆ? ಪಾಲಾಗಿರೋ ಹೊಲ" ಅಂದ. ಹಾಗಾದರೆ ಅರ್ಧ ಮಾಡಿಕೊ ಅಂದೆ. ಅಪ್ಪನಿಗೆ ನಗು ಬಂತು.

"ಗರಸಿಗೂ ಕೆಂಪು ಮಣ್ಣಿಗೂ ಅರ್ಧರ್ಧಾನಾ? ಓದ್ದೋಳು ನೀನು, ಹಿಂಗಾ ಲೆಕ್ಕ ಹಾಕಾದು?"

ಆಗ ನನಗೆ ಗೊತ್ತಾಯಿತು. ಒಳ್ಳೆ ಮಣ್ಣಿನಲ್ಲಿ ಕರೆಂಟೂ ಚೆನ್ನಾಗಿ ಬೆಳೆಯುತ್ತದೆ ಅಂತ ಅಪ್ಪ ತಿಳಿದುಕೊಂಡಿದ್ದ. ಪ್ಲೇಟಿಗೂ ಮಣ್ಣಿಗೂ ಸಂಬಂಧವೇ ಇಲ್ಲ, ಅದು ಮಣ್ಣನ್ನು ಮುಟ್ಟುವುದೂ ಇಲ್ಲ ಅಂದೆ. "ಕಂಬ ನೆಟ್ಟಿರಾದು ಮಣ್ಣಾಗೇ ಅಲ್ವಾ?" ಅಂದ. ಇದಕ್ಕೆ ನನ್ನ ಡಿಪ್ಲೊಮಾದಲ್ಲಿ ಉತ್ತರವಿರಲಿಲ್ಲ.

ನನಗೆ ರೋಷ ಬಂತು. ನನ್ನ ಸ್ವಭಾವವೇ ಹಾಗೆ, ಯಾರಾದರೂ ಆಗಲ್ಲ ಅಂದರೆ, ಅದರಲ್ಲೂ ಅಪ್ಪ ನಕ್ಕರೆ, ರಾತ್ರಿ ನಿದ್ದೆ ಬರುವುದಿಲ್ಲ. ಸರ್ವರಿನವರು ಕೊಟ್ಟಿದ್ದ ಕೈಪಿಡಿ ತೆಗೆದು ಓದುತ್ತ ಹೋದೆ. ಇನ್ವರ್ಟರಿಗೆ ಬಂದು ಸೇರುವ ಒಂದೊಂದು ಪ್ಲೇಟಿನ ಸಾಲಿಗೂ ಬೇರೆ ಬೇರೆ ಲೆಕ್ಕ ಇದ್ದೇ ಇತ್ತು. ನಾವು ಕೇಳಿರಲಿಲ್ಲ, ಅದು ಕೊಟ್ಟಿರಲಿಲ್ಲ. ಪ್ರೋಗ್ರಾಮಿನಲ್ಲಿ ಇನ್ನೊಂದು ವರದಿ ಸೇರಿಸಿದೆ. ಬದುವಿನ ಈಚೆಯ ಸಾಲುಗಳ ಮೊತ್ತ ಒಂದು ಕಡೆ, ಆಚೆಯದು ಇನ್ನೊಂದು ಕಡೆ, ಎರಡನ್ನೂ ಒಂದು ಪ್ಲೇಟಿಗೆ ಎಷ್ಟು ಅನ್ನುವ ಲೆಕ್ಕಕ್ಕೆ ಇಳಿಸಿ ಪಕ್ಕ ಪಕ್ಕ. ತಲೆಬರಹಗಳನ್ನು ಕನ್ನಡದಲ್ಲೇ ಹಾಕಿದೆ. ಮೊದಲು ಅಕ್ಷರದ ಬದಲು ಬರೀ ಚೌಕಗಳು ಬಂದವು, ಫಾಂಟು ಬದಲಾಯಿಸಿದ ಮೇಲೆ ಸರಿಹೋಯಿತು. "ಕೆಂಪು ಮಣ್ಣು" ಅಂತ ಒಂದು ಕಡೆ, "ಗರಸು" ಅಂತ ಇನ್ನೊಂದು ಕಡೆ. ಮ್ಯಾನೇಜರ್ ನೋಡಿ, "ಇದ್ಯಾವ ಹೊಸ ಬ್ಲಾಕು?" ಅಂದರು. ಟೆಸ್ಟಿಂಗ್ ಸಾರ್ ಅಂದೆ.

ದಸರಾ ಕಳೆದು ಬಂದ ಸಂತೆಯ ದಿನ ಅಪ್ಪ ಮತ್ತೆ ಬಂದು ಕೂತ. ವರದಿ ತೆಗೆದೆ. ಎರಡೂ ಕಡೆ ಒಂದೇ ಅಂಕಿ. ದಶಾಂಶದ ಆಚೆ ಎಲ್ಲೋ ಒಂದಿಷ್ಟು ವ್ಯತ್ಯಾಸ, ಅದೂ ಗರಸಿನ ಕಡೆಗೇ ಜಾಸ್ತಿ. ಓದಿ ಹೇಳಿದೆ.

"ತಿರ್ಗಾ ನೋಡು" ಅಂದ.

ತಿರುಗಿ ತರಿಸಿದೆ. ಅದೇ ಬಂತು. ಹಿಂದಿನ ದಿನದ್ದು ತೆಗೆದೆ, ಹಿಂದಿನ ತಿಂಗಳದ್ದು ತೆಗೆದೆ. "ಅವನ ಕಡೆ ಪ್ಲೇಟು ತೊಳ್ದಿರ್ಬೇಕು" ಅಂದ. "ನಮ್ಮ ಕಡೆ ಧೂಳು ಕೂತಿರ್ಬೇಕು." ಎರಡನ್ನೂ ಒಂದೇ ಟ್ಯಾಂಕರ್ ತೊಳೆಯುವುದು ಅಪ್ಪ ಅಂದೆ. ಹಾಗಾದರೆ ಯಂತ್ರ ತಪ್ಪು ತೋರಿಸುತ್ತಿದೆ ಅಂದ. ಸ್ಕೂಟರಿನ ಹಿಂದೆ ಕೂತು ಊರಿಗೆ ವಾಪಸು ಬಂದ. ಅವತ್ತು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. "ಏನಾಯ್ತು ನಿಮ್ಮಪ್ಪಂಗೆ?" ಅಂತ ಅಮ್ಮ ಕೇಳಿದಳು. ಗರಸಿನಲ್ಲೂ ಫಸಲು ಸಮ ಬಂದಿದೆ, ಅದಕ್ಕೇ ಅಂದೆ. ನಾನು ತಮಾಷೆಗೆ ಅಂದದ್ದು, ಅಮ್ಮ ನಗಲಿಲ್ಲ.

ಆಮೇಲೆ ದಿನಾ ಸಂಜೆ ಎರಡು ಅಂಕಿ ಹೇಳಬೇಕಾಯಿತು. ಗೇಟಿನಲ್ಲಿ ಸ್ಕೂಟರಿನ ಸದ್ದಾದರೆ ಸಾಕು ಜಗಲಿ ಮೇಲೆ ನೆಟ್ಟಗೆ ಕೂರುತ್ತಿದ್ದ. ಮೋಡ ಇದ್ದ ದಿನ ಎರಡೂ ಕಮ್ಮಿ, ಬಿಸಿಲಿದ್ದ ದಿನ ಎರಡೂ ಜಾಸ್ತಿ. ಒಂದು ದಿನ ಕೂಡ ಕೆಂಪು ಮಣ್ಣು ಮೇಲುಗೈ ಸಾಧಿಸಲಿಲ್ಲ. ನಾನು ಒಳಗೊಳಗೇ ಗೆದ್ದೆ ಅಂದುಕೊಳ್ಳುತ್ತಿದ್ದೆ. ಅಪ್ಪ ದಿನಾ ಏನು ಸೋಲುತ್ತಿದ್ದ ಅಂತ ನನಗೆ ಹೊಳೆದಿರಲಿಲ್ಲ.

ದೀಪಾವಳಿಯ ಸಂಜೆ ಅದು ಹೊರಗೆ ಬಂತು. ಅಮ್ಮ ದೀಪ ಹಚ್ಚುತ್ತಿದ್ದಳು. ಅಂಕಿ ಹೇಳಿದೆ, ಅವತ್ತೂ ಸಮವೇ. ಅಪ್ಪ ತಲೆ ತಗ್ಗಿಸಿಕೊಂಡು ಕೂತಿದ್ದವನು, "ಅಂಗಾದ್ರೆ ನಾನು ಅವತ್ತು ಆರಿಸ್ಕಂಡಿದ್ದು ಏನ್ನ?" ಅಂದ.

ಅಮ್ಮ ಹಚ್ಚುತ್ತಿದ್ದ ದೀಪವನ್ನು ಕೆಳಗಿಟ್ಟಳು.

"ಅಣ್ಣ ಪಂಚಾಯ್ತಿಯಿಂದ ಎದ್ದು ಹೋಗಾವಾಗ ನನ್ನ ಮಕ ನೋಡ್ದ ಕಣಮ್ಮ. ನಾನು ಮಣ್ಣು ನೋಡ್ತಾ ಇದ್ದೆ. ಒಳ್ಳೆ ಮಣ್ಣು ಸಿಕ್ತು ಅಂತ. ಇಷ್ಟ್ ವರ್ಸ ಆ ಮಣ್ಣಿಗೋಸ್ಕರ ಅವನ್ನ ಬುಟ್ಟೆ. ಈಗ ಬಿಸ್ಲಿಗೆ ಎಲ್ಡೂ ಒಂದೇ ಅಂತೆ."

ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅಳು ಅನ್ನುವಷ್ಟೂ ಅಲ್ಲ, ಟವೆಲ್ಲಿನಿಂದ ಮೂಗು ಒರೆಸಿಕೊಂಡ ಅಷ್ಟೇ. ವರದಿಯಲ್ಲಿ ಎರಡು ಅಂಕಿ ಸಮ ಬಂದರೆ ನಾನು ಅದನ್ನು ಸರಿಯಾದ ಉತ್ತರ ಅನ್ನುತ್ತಿದ್ದೆ. ಅಪ್ಪನಿಗೆ ಅದು ಒಂದು ಆಯುಷ್ಯದ ದಂಡವಾಗಿತ್ತು.

ಅಮ್ಮನೇ ಮೊದಲು ಮಾತಾಡಿದಳು. "ಹೋಗಿ ಹೇಳ್ಬಾ ಮತ್ತೆ ನಿಮ್ಮಣ್ಣಂಗೆ."

"ಹೇಳ್ತೀನಿ. ನಿನ್ನ ಹೊಲ ನನ್ನ ಹೊಲಕ್ಕಿಂತ ಒಂದ್ ತೂಕಾನೂ ಕಮ್ಮಿ ಇಲ್ಲ ಅಂತ ಹೇಳ್ತೀನಿ. ಆರಿಸ್ಕಂಡಿದ್ದು ತಪ್ಪಾಯ್ತು ಅಂತಾನೂ ಹೇಳ್ತೀನಿ."

ನಾನು ತಕ್ಷಣ ಫೋನ್ ತೆಗೆದೆ. ದೊಡ್ಡಪ್ಪನ ಗಿರಣಿಯ ನಂಬರು ನನ್ನ ಹತ್ತಿರ ಇತ್ತು. ಅಪ್ಪ ನನ್ನ ಕೈ ಹಿಡಿದ. "ಫೋನ್ನಾಗೆ ಹೇಳಾ ಮಾತಾ ಇದು? ನಾನೇ ಹೇಳ್ಬೇಕು. ಎದುರ್ಗೆ. ನೀನು ಇದ್ರಾಗೆ ಬಾಯಿ ಹಾಕ್ಬ್ಯಾಡ" ಅಂದ. ಸರಿ, ನಾಳೆಯೇ ಹೊರಡು, ಕರ್ಕೊಂಡು ಹೋಗ್ತೀನಿ ಅಂದೆ. ಅದಕ್ಕೂ ಒಪ್ಪಲಿಲ್ಲ. ಮಾತು ಬಿಟ್ಟ ಮನೆಗೆ ಸುಮ್ಮಸುಮ್ಮನೆ ಹೋಗಿ ನಿಂತರೆ ಏನೆಂದುಕೊಳ್ಳುತ್ತಾರೆ? ಯಾವುದೋ ಸೈನು ಹಾಕ್ಸ್ಕಳಾಕೆ ಬಂದವ್ನೆ, ಗುತ್ತಿಗೆ ಕಾಗದದಾಗೆ ಏನೋ ತಕರಾರು ಇರ್ಬೇಕು ಅಂತಾರೆ. ವರದಿಯ ಪ್ರಿಂಟು ತೆಗೆದು ಕೊಡುತ್ತೇನೆ, ತೋರಿಸು ಅಂದರೆ, "ಕಾಗ್ದ ಹಿಡ್ಕಂಡು ಹೋದ್ರೆ ಕೋರ್ಟಿಗೆ ಎಳ್ಯಾಕೆ ಬಂದ ಅಂತಾರೆ" ಅಂದ. ಕರೆಯದೆ ಹೋಗಬಹುದಾದ ದಿನ ವರ್ಷದಲ್ಲಿ ಒಂದೇ ಇದೆ, ಯುಗಾದಿ. ಹಬ್ಬದ ಸಂಜೆ ಚಂದ್ರನನ್ನು ನೋಡಿ ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ. ಅದಕ್ಕೆ ಯಾರ ಕರೆಯೂ ಬೇಡ, ಯಾವ ನೆಪವೂ ಬೇಡ. ಬಂದ ತಮ್ಮನನ್ನು ಏಳು ಅನ್ನಲೇಬೇಕು, ಅಷ್ಟು ಮಾತಾದರೆ ಮುಂದಿನದು ತಾನಾಗಿ ಬರುತ್ತದೆ. "ಯುಗಾದಿಗೆ ಹೋಗಾನ" ಅಂದ ಅಪ್ಪ.

ದೀಪಾವಳಿಯಿಂದ ಯುಗಾದಿಗೆ ಎಷ್ಟು ದೂರ ಅಂತ ನಾನು ಹಲ್ಲು ಕಚ್ಚಿದೆ. ಇಬ್ಬರು ಮುದುಕರು, ನಡುವೆ ಅರ್ಧ ಗಂಟೆಯ ಬಸ್ಸಿನ ದಾರಿ, ಅದಕ್ಕೆ ಪಂಚಾಂಗ ನೋಡಬೇಕೇ? ಬಾಯಿ ಬಿಟ್ಟು ಅಂದೂ ಬಿಟ್ಟೆ. ಅಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಮಾತು ತಪ್ಪಾದರೆ ಇನ್ನೊಂದು ಸಲ ಆಡುವಷ್ಟು ಕಾಲ ತಮ್ಮಿಬ್ಬರಿಗೂ ಇಲ್ಲ, ಅದಕ್ಕೇ ಸರಿಯಾದ ದಿನವೇ ಹೋಗಬೇಕು ಅನ್ನುವುದು ಅವನ ಲೆಕ್ಕ. ಆ ಲೆಕ್ಕದಲ್ಲಿ ತಪ್ಪು ಎಲ್ಲಿತ್ತು ಅಂತ ಆಗ ನನಗೂ ತೋರಿಸಲು ಬರುತ್ತಿರಲಿಲ್ಲ.

ಆ ಚಳಿಗಾಲ ಅಪ್ಪ ಹುಷಾರಾಗಿದ್ದ. ಬೇಲಿಯ ಕಡೆ ಹೋಗುವುದು ಕಮ್ಮಿಯಾಯಿತು. ಸಂಜೆ ನಾನು ಹೇಳಿದ ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಮಾಗಿಯಲ್ಲಿ ಇಷ್ಟು, ಸಂಕ್ರಾಂತಿ ಹೊತ್ತಿಗೆ ಇಷ್ಟು, ನಿನ್ನದೂ ಅಷ್ಟೇ ನನ್ನದೂ ಅಷ್ಟೇ ಅಂತ ಜಗಲಿಯ ಮೇಲೆ ಒಬ್ಬನೇ ಕೂತು 'ಅಣ್ಣಾ' ಅಂತ ಶುರು ಮಾಡಿ ಹೇಳಿಕೊಳ್ಳುವುದು ಒಳಗೆ ನಮಗೆ ಕೇಳಿಸುತ್ತಿತ್ತು. ಅಮ್ಮ ಒಲೆಯ ಮುಂದೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬಹಳ ವರ್ಷದ ಮೇಲೆ ನಮ್ಮ ಮನೆಯಲ್ಲಿ ಬಂದ ನಗು ಅದು. ಒಂದು ಸಲ ನೆಟ್ಟು ಕೆಟ್ಟು ಎರಡು ದಿನ ವರದಿ ಬರಲಿಲ್ಲ, ಬಿಳಿ ಪರದೆ ಮಾತ್ರ. ಎರಡೂ ಒಟ್ಟಿಗೇ ನಿಂತವಲ್ಲ, ಬಿಡು ಅಂತ ಸಮಾಧಾನ ಹೇಳಿದವನು ಅಪ್ಪನೇ.

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತ್ತು. ವರದಿಯಲ್ಲಿ ಅಂಕಿಗಳೂ ದಿನ ದಿನ ಏರುತ್ತಿದ್ದವು. ಒಂದು ಬೆಳಗ್ಗೆ ಆಫೀಸಿನಲ್ಲಿ ನನಗೆ ಫೋನು ಬಂತು. ಗಿರಣಿಯ ನಂಬರು. ಆದರೆ ಮಾತಾಡಿದ್ದು ಪಕ್ಕದ ಅಂಗಡಿಯವರು. ದೊಡ್ಡಪ್ಪ ಬೆಳಗಿನ ಜಾವ ಎದೆನೋವು ಅಂದನಂತೆ, ಆಸ್ಪತ್ರೆಗೆ ಸಾಗಿಸಲೂ ಆಗಲಿಲ್ಲವಂತೆ. ನಾನು ಕಂಪ್ಯೂಟರನ್ನು ಹಾಗೇ ಬಿಟ್ಟು ಎದ್ದೆ.

ಊರಿಗೆ ಬಂದು ಅಪ್ಪನಿಗೆ ಹೇಗೆ ಹೇಳಿದೆನೋ ಈಗ ನೆನಪಿಲ್ಲ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಗಿರಬೇಕು. ಟವೆಲ್ ತೆಗೆದುಕೊಂಡು ಸುಮ್ಮನೆ ಬಂದು ಸ್ಕೂಟರ್ ಹತ್ತಿದ. ಅಮ್ಮ ಬಸ್ಸಿನಲ್ಲಿ ಬಂದಳು. ಸಾವಿಗೆ ಕರೆ ಬೇಡ. ದಾಯಾದಿಗಳ ಮನೆಯಲ್ಲಿ ಹೆಣ ಬಿದ್ದರೆ ಮಾತಿದ್ದರೂ ಇಲ್ಲದಿದ್ದರೂ ಹೋಗಲೇಬೇಕು. ದಾರಿಯುದ್ದಕ್ಕೂ ಎರಡೂ ಕಡೆ ಪ್ಲೇಟುಗಳು ಬಿಸಿಲಿಗೆ ಮುಖ ಮಾಡಿ ನಿಂತಿದ್ದವು. ಅಪ್ಪ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಗಿರಣಿಯ ಮುಂದೆ ಶಾಮಿಯಾನ ಕಟ್ಟಿದ್ದರು. ದೊಡ್ಡಪ್ಪನನ್ನು ಬಾಗಿಲಿಗೆ ಎದುರಾಗಿ ಮಲಗಿಸಿದ್ದರು. ಹುಬ್ಬಿನ ಕೂದಲಲ್ಲಿ ಇನ್ನೂ ಹಿಟ್ಟಿನ ಧೂಳಿತ್ತು. ಅಪ್ಪ ಹೋಗಿ ಕಾಲಿನ ಬಳಿ ಕೂತ. ಎರಡೂ ಪಾದಗಳ ಮೇಲೆ ಹಣೆಯಿಟ್ಟು ಬಹಳ ಹೊತ್ತು ಹಾಗೇ ಇದ್ದ. ಏಳು ಅನ್ನುವವನು ಮಲಗಿದ್ದ. ಕೊನೆಗೆ ಯಾರೋ ಇಬ್ಬರು ಬಂದು ತೋಳು ಹಿಡಿದು ಎಬ್ಬಿಸಿದರು. ದೊಡ್ಡಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಮಡಕೆ ಹೊತ್ತು ಮುಂದೆ ನಡೆದವನು, ಮೊದಲ ಹಿಡಿ ಮಣ್ಣು ಹಾಕಿದವನು ಅಪ್ಪನೇ. ಎಲ್ಲವನ್ನೂ ಹೇಳಿದ ಹಾಗೆ ಮಾಡಿದ.

ಮಣ್ಣು ಮಾಡಿ ಬಂದ ಮೇಲೆ ಜನ ಕರಗಿದರು. ನಾವು ದೊಡ್ಡಮ್ಮನ ಜೊತೆ ಒಳಗೆ ಗೋಡೆಗೆ ಒರಗಿ ಕೂತೆವು. ದೊಡ್ಡಮ್ಮನ ತವರು ಆಂಧ್ರದ ಕಡೆ, ದುಃಖ ಬಂದರೆ ಮಾತು ತೆಲುಗಿಗೆ ತಿರುಗುತ್ತದೆ. ಅಪ್ಪನನ್ನು ನೋಡಿ, "ಏಂ ನಾಯನಾ, ಇಪ್ಪುಡು ವಚ್ಚಿನಾವಾ" ಅಂದಳು. ಈಗ ಬಂದೆಯಾ ಅಂತ. ಸಿಟ್ಟಿನಲ್ಲಿ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಸುಸ್ತಾದವಳ ಹಾಗೆ, ಊಟಕ್ಕೆ ತಡವಾಗಿ ಬಂದವನನ್ನು ಕೇಳಿದ ಹಾಗೆ ಕೇಳಿದಳು.

ಆಮೇಲೆ ತಾನಾಗಿಯೇ ಹೇಳತೊಡಗಿದಳು. ನೋಡುತ್ತಿದ್ದದ್ದು ಅಪ್ಪನನ್ನಲ್ಲ, ಮೂಲೆಯಲ್ಲಿ ಉರಿಯುತ್ತಿದ್ದ ದೀಪವನ್ನು.

"ನಿಮ್ಮಣ್ಣಂಗೆ ನಿನ್ನ ಮ್ಯಾಲೆ ಸಿಟ್ಟು ಯಾವತ್ತೋ ಹೋಗಿತ್ತು ನಾಯನಾ. ಈ ಸೋಲಾರ್ ಬಂದ್ಮ್ಯಾಲೆ ಬ್ಯಾರೇನೇ ಚಿಂತೆ ಹತ್ಕಂತು. ಬೇಲಿ ಕಾಯಾನು ಒಬ್ಬ ಹಿಟ್ಟಿಗೆ ಬರ್ತಿದ್ದ. ಅವನತ್ರ ಕೇಳಿ ತಿಳ್ಕಂಡ್ರು, ಎಲ್ಡೂ ಹೊಲದ ಕರೆಂಟು ಒಂದೇ ಪೆಟ್ಟಿಗೆಗೆ ಹೋಯ್ತದೆ ಅಂತ. ಅವತ್ತಿಂದ ಅದೇ ಮಾತು. ನಮ್ದು ಗರಸು ನೆಲ, ಅದ್ರಾಗೆ ಕಾಯೇ ಆಗ್ಲಿಲ್ಲ, ಇನ್ನ ಕರೆಂಟೇನು ಆದಾತು. ಎಲ್ಲಾ ತಮ್ಮನ ಮಣ್ಣಿಂದೇ ಇರ್ಬೇಕು. ಬಾಡ್ಗೆ ಮಾತ್ರ ಇಬ್ರಿಗೂ ಸಮ ಕೊಡ್ತಾವ್ರೆ. ಅವನ ಪಾಲಿಂದು ನಾವು ಕೂತ್ಕಂಡು ತಿಂತಾ ಇದೀವಿ ಕಣೇ, ಯಾವ ಮಕ ಇಟ್ಕಂಡು ಹೋಗಿ ಮಾತಾಡ್ಸಲಿ, ಅಂತಿದ್ರು. ಮೊನ್ನೆ ಶಿವರಾತ್ರಿ ದಿನಾನೂ ಇದನ್ನೇ ಅಂದ್ರು."

ಅಣ್ಣನೂ ತಮ್ಮನೂ ಅದೇ ಒಂದು ತಪ್ಪನ್ನು ನಂಬಿದ್ದರು. ತಮ್ಮನಿಗೆ ಅದನ್ನು ತಿದ್ದುವುದಕ್ಕೆ ನಾನಿದ್ದೆ, ನನ್ನ ವರದಿ ಇತ್ತು. ಅಣ್ಣನಿಗೆ ತಿದ್ದಬೇಕಾಗಿದ್ದವನು ಈಗ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದ.

ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ನೀನು ಅದೇ ಆಫೀಸಿನಾಗೆ ಇರಾದಲ್ವೇನಮ್ಮ? ನಿಜಾನಾ ಅದು? ನಮ್ದು ಕಮ್ಮೀನಾ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಅಪ್ಪನನ್ನು ನೋಡಿದೆ. ಚಳಿಗಾಲ ಪೂರ್ತಿ ಅವನು ಬಾಯಿಪಾಠ ಮಾಡಿಕೊಂಡಿದ್ದ ಮಾತು ಅದು, ನಾನು ಆಡಬಾರದಾಗಿತ್ತು. ಅಪ್ಪ ದೊಡ್ಡಮ್ಮನ ಕಡೆ ತಿರುಗಿದ.

"ಇಲ್ಲ ಅತ್ತಿಗೆ. ಎಲ್ಡೂ ಸಮ ಸಮ. ಒಂದೊಂದಿನ ನಿಮ್ದೇ ಜಾಸ್ತಿ."

"ಯಾರ್ ಹೇಳಿದ್ರು?"

"ಇವ್ಳು ತೋರ್ಸಿದ್ಲು. ದೀಪಾವಳಿಯಿಂದ್ಲೂ ಗೊತ್ತಿತ್ತು ನಂಗೆ."

ದೊಡ್ಡಮ್ಮ ಅಪ್ಪನ ಮುಖವನ್ನೇ ನೋಡಿದಳು. ಹೊರಗೆ ಶಾಮಿಯಾನ ಬಿಚ್ಚುವವರು ಕಂಬ ಕೀಳುತ್ತಿದ್ದ ಸದ್ದು ಕೇಳುತ್ತಿತ್ತು.

"ಗೊತ್ತಿದ್ದೂ ಬಂದು ಹೇಳ್ಲಿಲ್ವಾ ನಾಯನಾ?" ಅಂದಳು.

"ಯುಗಾದಿಗೆ ಬರಾನ ಅಂತಿದ್ದೆ ಅತ್ತಿಗೆ" ಅಂದ ಅಪ್ಪ.